ಸುಮ್ಮನಿದ್ದ ಕಾರ್ಬುರೇಟರು

ಹೊಗೆಯ ಬಣ್ಣ ನೋಡಿ ಇಂಜಿನ್ನಿನ ಕಾಯಿಲೆ ಹೇಳುವುದು ನಮ್ಮ ತಿಪಟೂರು ಕಡೆ ಹುಡುಗರಿಗೆಲ್ಲ ಗೊತ್ತಿರುವ ವಿದ್ಯೆ. ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ನುಗ್ಗಿದೆ. ಪೆಟ್ರೋಲ್ ಗಾಡಿ ಕಪ್ಪು ಹೊಗೆ ಬಿಟ್ಟರೆ ಪೆಟ್ರೋಲ್ ಜಾಸ್ತಿ ಕುಡೀತಿದೆ. ಮೆಕ್ಯಾನಿಕ್‌ಗಳ ಭಾಷೇಲಿ ‘ರಿಚ್ ಆಗಿದೆ’. ಹೆಸರು ಕೇಳಿದರೆ ಏನೋ ಸಿರಿವಂತಿಕೆ ಅನ್ನಿಸುತ್ತೆ. ನಿಜಕ್ಕೂ ಅದು ಅಜೀರ್ಣ.

ಲೆಕ್ಕ ಸುಲಭ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅಷ್ಟೇ ಇದ್ದು ಪೆಟ್ರೋಲ್ ಹೆಚ್ಚಾದರೆ ಅರೆಬರೆ ಉರಿಯುತ್ತೆ. ಒಲೆ ಬಾಯಿಗೆ ಗಾಳಿಯಾಡಲು ಜಾಗ ಬಿಡದೆ ಸೌದೆ ತುರುಕಿದರೆ ಅಡುಗೆಮನೆ ತುಂಬ ಹೊಗೆಯಾಗುತ್ತಲ್ಲ, ಹಾಗೆ. ಪ್ಲಗ್ ಮೇಲೆ ಮಸಿ ಕೂರುತ್ತೆ, ಕಣ್ಣು ಉರಿಯುತ್ತೆ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರ್ ಗೋಡೆಗೆ ಹತ್ತಿದ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಚೇಂಬರಿನ ಆಯಿಲ್ ಜೊತೆ ಸೇರುತ್ತೆ. ಆಯಿಲ್ ತೆಳ್ಳಗಾದ ಮೇಲೆ ರಿಂಗು, ಬೇರಿಂಗು ಸವೆಯೋಕೆ ಶುರು.

ನಾನು ಇದನ್ನೆಲ್ಲ ಕಂಪ್ಯೂಟರ್ ಪರದೆ ಮೇಲೆ ನೋಡುವವನು. ಬಿಇ ಮುಗಿಸಿ, ಬೆಂಗಳೂರಿನಲ್ಲಿ ಆರು ವರ್ಷ ಕಳೆದು, ಈಗ ಡೆಟ್ರಾಯಿಟ್ ಪಕ್ಕದ ಊರಲ್ಲಿ ಕಾರಿನ ಇಂಜಿನ್ ಕಂಟ್ರೋಲರಿಗೆ ಸಾಫ್ಟ್‌ವೇರ್ ಬರೆಯೋದು ನನ್ನ ಹೊಟ್ಟೆಪಾಡು. ಈಗಿನ ಕಾರುಗಳಲ್ಲಿ ಹೊಗೆ ಹೋಗುವ ಪೈಪಿನೊಳಗೇ ಒಂದು ಆಕ್ಸಿಜನ್ ಸೆನ್ಸರ್ ಕೂತಿರುತ್ತೆ. 1976ರಲ್ಲಿ ಬಾಷ್ ಕಂಪನಿ ವೋಲ್ವೊ ಕಾರಿಗೆ ಮೊದಲ ಸಲ ಹಾಕಿದ್ದು ಅದನ್ನ. ಪೆಟ್ರೋಲ್ ಜಾಸ್ತಿಯಾಯ್ತಾ, ಕಮ್ಮಿಯಾಯ್ತಾ ಅಂತ ಅದು ಹೇಳ್ತಾನೇ ಇರುತ್ತೆ, ನಾವು ಬರೆದ ಕೋಡು ತಿದ್ದಿಕೊಳ್ತಾನೇ ಇರುತ್ತೆ. ಏನಾದ್ರೂ ಎಡವಟ್ಟಾದರೆ ಲಾಗ್ ಇದೆ, ಎರರ್ ಕೋಡ್ ಇದೆ. ಕಾರ್ಬುರೇಟರಿಗೆ ಇವೆರಡೂ ಇಲ್ಲ. ಅದು ಏನು ಹೇಳಿದರೂ ಹೊಗೆ, ವಾಸನೆ, ಸದ್ದು, ಪ್ಲಗ್ಗಿನ ಬಣ್ಣ, ಇಷ್ಟರಲ್ಲೇ ಹೇಳಬೇಕು.

ಇಂಥ ಮೂರು ಕಾರ್ಬುರೇಟರು ಸಾಲಾಗಿ ಕೂತಿರುವ ಕಾರೊಂದು ನಮ್ಮ ಪಕ್ಕದ ಮನೇಲಿದೆ. 1966ರ ಪಾಂಟಿಯಾಕ್ ಜಿಟಿಒ. ಅದರ ಮಾಲೀಕರಿಗೆ ಎಪ್ಪತ್ತೈದು ದಾಟಿದೆ, ಮೂವತ್ತು ವರ್ಷ ಕಾರ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ನಮ್ಮ ಮನೇಲಿ ಅವರನ್ನು ‘ಯಜಮಾನ್ರು’ ಅಂತಲೇ ಕರೆಯೋದು. ಎದುರಿಗೆ ಹಾಗೆ ಕರೆದರೆ ಅವರಿಗೇನು ತಿಳಿಯುತ್ತೆ, ಆದರೂ ನನ್ನ ಹೆಂಡತಿ ಒಂದು ದಿನ ಕರೆದೇಬಿಟ್ಟಳು. ಅರ್ಥ ಕೇಳಿ ತಿಳ್ಕೊಂಡು ಖುಷಿಪಟ್ಟರು.

ಕಾರಿನ ಬಗ್ಗೆ ಎರಡು ಮಾತು ಹೇಳ್ತೀನಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ಜನರಲ್ ಮೋಟರ್ಸ್‌ನಲ್ಲಿ ಒಂದು ನಿಯಮ ಇತ್ತು. ಪಾಂಟಿಯಾಕ್‌ನ ಚೀಫ್ ಇಂಜಿನಿಯರ್ ಆಗಿದ್ದ ಜಾನ್ ಡೆಲೋರಿಯನ್ ಮತ್ತವರ ತಂಡ, ಇದು ಹೊಸ ಮಾಡೆಲ್ಲಲ್ಲ, ಹಳೇ ಮಾಡೆಲ್ಲಿಗೆ ಬೇಕಾದವರು ಕೊಳ್ಳಬಹುದಾದ ಎಕ್ಸ್‌ಟ್ರಾ ಅಷ್ಟೇ ಅಂತ ಹೇಳಿ, 1964ರಲ್ಲಿ 389 ಘನ ಇಂಚಿನ ವಿ-8 ಇಂಜಿನ್ನನ್ನು ತೂರಿಸಿಬಿಟ್ಟರು. ಅಮೆರಿಕದವರು ಮಸಲ್ ಕಾರ್ ಅಂತ ಏನು ಕರೀತಾರೋ ಅದರ ಭರಾಟೆ ಜೋರಾಗಿದ್ದು ಅಲ್ಲಿಂದಲೇ. 389 ಘನ ಇಂಚು ಅಂದರೆ ಸುಮಾರು 6,375 ಸಿಸಿ. ನಮ್ಮ ಮಾರುತಿ 800ರ ಇಡೀ ಇಂಜಿನ್ 796 ಸಿಸಿ. ಲೆಕ್ಕ ಹಾಕಿ ನೋಡಿ, ಜಿಟಿಒದ ಒಂದೊಂದು ಸಿಲಿಂಡರೂ ಒಂದೊಂದು ಮಾರುತಿ. ಅಂಥವು ಎಂಟು!

ಈ ಎಂಟಕ್ಕೆ ಉಣಿಸೋಕೆ ‘ಟ್ರೈ-ಪವರ್’ ಅನ್ನುವ ಏರ್ಪಾಡು. ರೋಚೆಸ್ಟರ್ ಕಂಪನಿಯ ಎರಡು ಬಾಯಿಯ ಕಾರ್ಬುರೇಟರ್ ಮೂರು, ಒಂದರ ಹಿಂದೆ ಒಂದು. ಸುಮ್ಮನೆ ನಿಂತಾಗ, ಊರೊಳಗೆ ಓಡಾಡುವಾಗ ಕೆಲಸ ಮಾಡೋದು ನಡುವಿನದೊಂದೇ. ಚೋಕ್ ಇರುವುದು ಅದಕ್ಕೇ, ಐಡ್ಲಿಂಗ್ ತಿದ್ದುವ ಎರಡು ಸ್ಕ್ರೂ ಇರುವುದೂ ಅದಕ್ಕೇ. ಆಕ್ಸಿಲರೇಟರ್ ಚೆನ್ನಾಗಿ ತುಳಿದಾಗ ಮಾತ್ರ ಮುಂದಿನದೂ ಹಿಂದಿನದೂ ಬಾಯಿ ತೆರೀತವೆ. ಆಗ 360 ಅಶ್ವಶಕ್ತಿ. 1966ರ ನಂತರ ಜನರಲ್ ಮೋಟರ್ಸ್ ಈ ಬಹು ಕಾರ್ಬುರೇಟರ್ ಪದ್ಧತಿಯನ್ನು ಕಾರ್ವೆಟ್ ಒಂದಕ್ಕೆ ಬಿಟ್ಟು ಉಳಿದೆಲ್ಲ ಕಾರುಗಳಿಗೂ ನಿಲ್ಲಿಸಿತು. ಯಜಮಾನ್ರ ಕಾರು ಆ ಕೊನೇ ವರ್ಷದ್ದು.

ಈ ಕಾರು ಎರಡು ವರ್ಷದಿಂದ ರಿಚ್ ಆಗಿ ಓಡ್ತಿತ್ತು. ಮೂರು ಕಡೆ ರಿಪೇರಿಗೆ ಕೊಟ್ಟಿದ್ದರಂತೆ. ಒಬ್ಬರು ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿದರು. ಇನ್ನೊಬ್ಬರು ನಡುವಿನ ಕಾರ್ಬುರೇಟರಿನ ಜೆಟ್ ತೆಗೆದು ಸಣ್ಣ ತೂತಿನ ಜೆಟ್ ಹಾಕಿದರು. ಮೂರನೆಯವರು ಹಳೇ ಗಾಡಿ ಅಂದ್ರೆ ಇಷ್ಟೇ, ವಾಸನೆ ಇದ್ದೇ ಇರುತ್ತೆ ಅಂತ ಬಿಲ್ ಕೊಟ್ಟು ಕಳಿಸಿದರು. ಕೊನೆಗೆ ಕಾರಿನ ಸ್ಥಿತಿ ಏನಾಗಿತ್ತು ಅಂದರೆ, ನಿಂತಾಗ ಅಜೀರ್ಣ, ಓಡುವಾಗ ಹಸಿವು. ಸಿಗ್ನಲ್‌ನಲ್ಲಿ ಕಪ್ಪು ಹೊಗೆ, ಹೈವೇಯಲ್ಲಿ ಜಗ್ಗಾಟ.

ನನಗೆ ಇದು ಬರೀ ಹವ್ಯಾಸದ ವಿಷಯ ಅನ್ನಿಸಿತ್ತು, ಫೆಬ್ರವರಿಯ ಒಂದು ಭಾನುವಾರದವರೆಗೆ. ಹೊರಗೆ ಮೊಣಕಾಲುದ್ದ ಹಿಮ. ಯಜಮಾನ್ರು ವಾರಕ್ಕೊಮ್ಮೆ ಕಾರು ಸ್ಟಾರ್ಟ್ ಮಾಡಿ ಇಪ್ಪತ್ತು ನಿಮಿಷ ಬಿಡುವ ಪದ್ಧತಿ. ಗ್ಯಾರೇಜು ಮನೆಗೆ ಅಂಟಿಕೊಂಡೇ ಇದೆ, ಅದರ ಮೇಲೇ ಅವರ ಮಲಗುವ ಕೋಣೆ. ಛಳಿ ಅಂತ ಗ್ಯಾರೇಜ್ ಬಾಗಿಲನ್ನು ಅರ್ಧ ಮಾತ್ರ ಎತ್ತಿದ್ದರು. ನಾನು ಒಳಗೆ ಹೋಗಿ ಎರಡು ನಿಮಿಷಕ್ಕೆ ಕಣ್ಣಲ್ಲಿ ನೀರು. ಇಂಜಿನ್ ಆಫ್ ಮಾಡಿಸಿ ಹೊರಗೆ ಕರಕೊಂಡು ಬಂದೆ. ಆಮೇಲೆ ಅವರ ಹೆಂಡತಿ ಕಾಫಿ ಕೊಡ್ತಾ ಮಾತಿಗೆ ಮಾತು ಬಂದು ಹೇಳಿದರು: ‘ವಯಸ್ಸಾಯ್ತು ನೋಡಪ್ಪಾ. ಈ ಛಳಿಗಾಲ ಶುರುವಾದಾಗಿಂದ ಭಾನುವಾರ ಬಂತು ಅಂದ್ರೆ ತಲೆನೋವು.’

ಭಾನುವಾರ. ಬರೀ ಭಾನುವಾರ.

ನನ್ನ ಕಸುಬಿನಲ್ಲಿ ಇಂಥ ಮಾತು ಕೇಳಿದರೆ ಕಿವಿ ನೆಟ್ಟಗಾಗುತ್ತೆ. ವಾರಕ್ಕೊಮ್ಮೆ ಬರುವ ತೊಂದರೆಗೆ ವಾರಕ್ಕೊಮ್ಮೆ ನಡೆಯುವ ಕಾರಣ ಹುಡುಕು ಅನ್ನೋದು ನಾವು ಮೊದಲು ಕಲಿಯುವ ಪಾಠ. ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಹುಟ್ಟೋದು ಕಾರ್ಬನ್ ಮಾನಾಕ್ಸೈಡ್. ಮಿಶ್ರಣ ರಿಚ್ ಆದಷ್ಟೂ ಅದು ಏರ್ತಾ ಹೋಗುತ್ತೆ. 1966ರ ಕಾರಿಗೆ ಅದನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಇಲ್ಲ, ಅದು ಅಮೆರಿಕದ ಕಾರುಗಳಿಗೆ ಬಂದದ್ದು 1975ರ ಮಾಡೆಲ್ಲುಗಳಿಂದ. ಕಣ್ಣು ಉರಿಸುವ ಆ ಘಾಟು ಇದೆಯಲ್ಲ, ಅದು ಉರಿಯದ ಪೆಟ್ರೋಲಿನದು. ಕೊಲ್ಲುವ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡ್ಕೊಳ್ಳುತ್ತೆ. ಗಾಳಿಯಲ್ಲಿ ಶೇಕಡಾ 0.3ರಷ್ಟು ಸೇರಿದರೂ ಅರ್ಧ ಗಂಟೆಯಲ್ಲಿ ಜೀವಕ್ಕೆ ಅಪಾಯ. ಛಳೀಲಿ ಕೋಣೆ ಬಾಗಿಲು ಹಾಕ್ಕೊಂಡು ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಅಂತ ನಮ್ಮ ಪೇಪರಲ್ಲಿ ಓದ್ತೀವಲ್ಲ, ಅದೂ ಇದೇ ಅನಿಲ.

ತಲೆನೋವಿಗೆ ಇದೇ ಕಾರಣ ಅಂತ ಹೇಳೋಕೆ ನಾನೇನು ಡಾಕ್ಟರಲ್ಲ. ‘ಅಲಾರ್ಮ್ ಇಲ್ವಾ ನಿಮ್ಮನೇಲಿ?’ ಅಂತ ಕೇಳಿದೆ. ಇದೆಯಂತೆ. ಪದೇ ಪದೇ ಕೂಗಿ ತಲೆ ತಿಂತಿತ್ತು ಅಂತ ಬ್ಯಾಟರಿ ತೆಗೆದಿಟ್ಟಿದ್ದರು! ಅವತ್ತೇ ಹೊಸ ಅಲಾರ್ಮ್ ತಂದು ಮಹಡಿ ಮೇಲೊಂದು, ಕೆಳಗೊಂದು ಹಾಕಿದೆ. ‘ಕಾರು ಹೊರಗೆ ನಿಂತ ಮೇಲೇ ಇನ್ನು ಸ್ಟಾರ್ಟ್ ಆಗಬೇಕು’ ಅಂದೆ. ಯಜಮಾನ್ರು ಒಪ್ಪಿದರು. ಅವರ ಹೆಂಡತಿ ಇನ್ನೊಂದು ಷರತ್ತು ಸೇರಿಸಿದರು. ಬೇಸಿಗೆಯೊಳಗೆ ಸರಿಹೋಗದಿದ್ದರೆ ಕಾರು ಮಾರಾಟ.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಅಂಗಳದಲ್ಲಿ ಕೆಲಸ ಶುರು ಮಾಡಿದೆವು. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ನಾನು ಹಾಕಿದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿ ಗಾಡಿ ಸರಿಹೋದರೂ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗೋದಿಲ್ಲ. ಹೀಗಾಗಿ ಮೊದಲು ಹಿಂದಿನವರ ಕೈಚಳಕವನ್ನೆಲ್ಲ ವಾಪಸ್ ಮಾಡಿ, ಫ್ಯಾಕ್ಟರಿ ಮ್ಯಾನ್ಯುಯಲ್ ಹೇಳುವ ಜೆಟ್ ಹಾಕಿದೆವು.

ಆಮೇಲೆ ಸುಲಭದ್ದರಿಂದ ಕಷ್ಟದ್ದಕ್ಕೆ. ಏರ್ ಫಿಲ್ಟರ್ ಕಟ್ಟಿಕೊಂಡರೂ ರಿಚ್ ಆಗುತ್ತೆ. ತೆಗೆದು ಓಡಿಸಿ ನೋಡಿದೆವು, ವ್ಯತ್ಯಾಸ ಇಲ್ಲ. ಇಂಜಿನ್ ಬಿಸಿಯಾದ ಮೇಲೂ ಚೋಕ್ ತೆರೆಯದಿದ್ದರೆ ರಿಚ್ ಆಗುತ್ತೆ. ಅದರ ಪ್ಲೇಟು ನೆಟ್ಟಗೆ ನಿಂತಿತ್ತು, ಸರಿ ಇದೆ. ಕಿಡಿ ಸಾಲದಿದ್ದರೂ ಪ್ಲಗ್ ಕಪ್ಪಾಗುತ್ತೆ, ಎಷ್ಟೋ ಜನ ಅದನ್ನು ಕಾರ್ಬುರೇಟರ್ ತಲೆಗೆ ಕಟ್ತಾರೆ. ಪಾಯಿಂಟಿನ ಡ್ವೆಲ್ 30 ಡಿಗ್ರಿ, ಟೈಮಿಂಗ್ ಸರಿ. ಪೆಟ್ರೋಲ್ ಪಂಪಿನ ಒತ್ತಡ ಜಾಸ್ತಿಯಾದರೆ ಕಾರ್ಬುರೇಟರಿನ ಒಳಬಾಗಿಲು ತಡೆಯೋಲ್ಲ; ಗೇಜ್ ಹಾಕಿದರೆ ಐದೂವರೆ ಪಿಎಸ್‌ಐ, ಅದೂ ಸರಿ. ಎಂಟೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆವು. ಎಲ್ಲವೂ ಒಲೆ ಮೇಲಿನ ಮಡಕೆ ತಳದ ಹಾಗೆ. ಆಯಿಲ್ ಕಡ್ಡಿ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ, ಮಟ್ಟವೂ ಗೆರೆಗಿಂತ ಮೇಲೆ. ಆಯಿಲ್ ಹಾಕದೆ ಆಯಿಲ್ ಹೆಚ್ಚಾಗಿದೆ ಅಂದರೆ ಸೇರ್ತಿರೋದು ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಮಾಡಿದ ಒಂದು ಪರೀಕ್ಷೆ ಇಡೀ ಕಥೆಯನ್ನು ತಿರುಗಿಸಿತು. ಇಂಜಿನ್ ಐಡ್ಲಿಂಗಿನಲ್ಲಿ ಇರುವಾಗ ನಡುವಿನ ಕಾರ್ಬುರೇಟರಿನ ಎರಡೂ ಮಿಕ್ಸ್ಚರ್ ಸ್ಕ್ರೂಗಳನ್ನು ಮೆಲ್ಲಗೆ ಒಳಗೆ ತಿರುಗಿಸಿ ಪೂರ್ತಿ ಮುಚ್ಚಬೇಕು. ಐಡ್ಲಿಂಗಿಗೆ ಪೆಟ್ರೋಲ್ ಬರುವ ದಾರಿ ಅದೊಂದೇ. ಮುಚ್ಚಿದರೆ ಇಂಜಿನ್ ಉಸಿರು ಕಟ್ಟಿ ನಿಲ್ಲಲೇಬೇಕು.

ನಿಲ್ಲಲಿಲ್ಲ. ಗುಡುಗುಡು ಅಂತ ಓಡ್ತಾನೇ ಇತ್ತು.

ಯಜಮಾನ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಲ್ಲಿ ಮುಚ್ಚಿದರೂ ತೊಟ್ಟಿಗೆ ನೀರು ಬೀಳ್ತಿದೆ ಅಂದರೆ ಇನ್ನೆಲ್ಲೋ ಇನ್ನೊಂದು ನಲ್ಲಿ ಇದೆ. ಎರಡು ವರ್ಷದಿಂದ ಎಲ್ಲರೂ ತಿರುವಿದ್ದು ಈ ಎರಡು ಸ್ಕ್ರೂಗಳನ್ನೇ. ಯಾಕೆಂದರೆ ಕೈಗೆ ಸಿಗುವ ಸ್ಕ್ರೂ ಅವೇ.

‘ಹಾಗಾದ್ರೆ ಆಚೆ ಈಚೆಯವು?’ ಅಂದೆ.

‘ಅವು ಮಲಗಿರ್ತವೆ. ಜೋರಾಗಿ ತುಳಿಯೋವರೆಗೂ ಏಳೋಲ್ಲ’ ಅಂದರು.

ಬಾಯಿ ಮುಚ್ಚಿ ಮಲಗಿದ್ದೇನೋ ನಿಜ. ಆದರೆ ಹೊಟ್ಟೆ ತುಂಬ ಪೆಟ್ರೋಲ್ ಇಟ್ಟುಕೊಂಡೇ ಮಲಗಿರ್ತವೆ. ಒಂದೇ ಪಂಪು ಮೂರಕ್ಕೂ ಸಮನಾಗಿ ಒತ್ತಡ ಕೊಡ್ತಿರುತ್ತೆ. ಕಾರ್ಬುರೇಟರಿನ ಬಟ್ಟಲಲ್ಲಿ ಹಿತ್ತಾಳೆಯ ಟೊಳ್ಳು ಫ್ಲೋಟ್ ಒಂದು ತೇಲ್ತಿರುತ್ತೆ. ಮಟ್ಟ ಏರಿದಾಗ ಅದು ಮೇಲೆದ್ದು ಸೂಜಿಯೊಂದನ್ನು ಒತ್ತಿ ಪೆಟ್ರೋಲ್ ನಿಲ್ಲಿಸುತ್ತೆ. ನಮ್ಮ ಓವರ್‌ಹೆಡ್ ಟ್ಯಾಂಕಿನ ಬಾಲ್‌ಕಾಕ್ ಇದೆಯಲ್ಲ, ಥೇಟ್ ಅದೇ. ಅದು ಕೆಟ್ಟರೆ ಟ್ಯಾಂಕ್ ಉಕ್ಕುತ್ತೆ, ನಲ್ಲಿ ತಿರುಗಿಸಿದರೂ ಬಿಟ್ಟರೂ.

ಇಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಒಂದೊಂದೇ ಕಾರ್ಬುರೇಟರಿನ ಗಂಟಲೊಳಗೆ ಇಣುಕಿದೆವು. ಮುಂದಿನದು ಒಣಗಿತ್ತು. ಹಿಂದಿನದರಲ್ಲಿ ನಾಝಲ್ ತುದಿಯಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್. ಆ ತೊಟ್ಟು ಮುಚ್ಚಿದ ಪ್ಲೇಟಿನ ಮೇಲೆ ಬಿದ್ದು, ಅದರ ಅಂಚಿನ ಸಂದಿಯಿಂದ ಕೆಳಗಿಳೀತಿತ್ತು. ಇಂಜಿನ್ ಓಡುವಾಗ ಒಳಗಿನ ಸೆಳೆತಕ್ಕೆ ಇನ್ನೂ ಹೆಚ್ಚು.

ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮ ಚಿಕ್ಕಪ್ಪ ಯೆಜ್ಡಿ, ರಾಜದೂತ್, ಸೀಮೆಎಣ್ಣೆ ಪಂಪ್‌ಸೆಟ್ಟು ಬಿಚ್ಚಿ ಕಟ್ಟಿ ಮಾಡಿ ಮನೆ ನಡೆಸಿದವರು. ನಮ್ಮ ದೇಶದ ಕಾರುಗಳಿಂದ ಕಾರ್ಬುರೇಟರ್ ಮಾಯವಾಗಿದ್ದು 2000ದ ಆಸುಪಾಸು, ಆದರೆ ಬೈಕುಗಳಲ್ಲಿ 2020ರ ಬಿಎಸ್-6 ಬರೋವರೆಗೂ ಉಳಿದಿತ್ತು. ಹಾಗಾಗಿ ಅವರ ಕೈ ಇನ್ನೂ ಪಳಗಿದೆ.

‘ಫ್ಲೋಟ್ ಬಿಚ್ಚಿ ಕಿವಿ ಹತ್ರ ಹಿಡಿದು ಅಲ್ಲಾಡ್ಸು ಮಗಾ. ಕೊಬ್ಬರಿ ನೋಡಲ್ವೇನೋ, ಹಂಗೆ’ ಅಂದರು.

ತಿಪಟೂರಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಬಿಡ್ತೀವಿ. ಒಣಗಿತೋ ಇಲ್ಲವೋ ಅಂತ ನೋಡೋಕೆ ಕಿವಿ ಹತ್ತಿರ ಅಲ್ಲಾಡಿಸೋದು. ನೀರು ಕುಲುಕಿದರೆ ಇನ್ನೂ ಹಸಿ, ಗಡಗಡ ಅಂದರೆ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆ. ಫ್ಲೋಟಿನ ವಿಷಯದಲ್ಲಿ ಯಾವ ಸದ್ದೂ ಬರಬಾರದು, ಅಷ್ಟೇ ವ್ಯತ್ಯಾಸ.

ಮರುದಿನ ಹಿಂದಿನ ಕಾರ್ಬುರೇಟರ್ ತೆರೆದು ಫ್ಲೋಟ್ ಕೈಗೆ ತಗೊಂಡು ಅಲ್ಲಾಡಿಸಿದೆ. ಕುಲುಕ್. ಯಜಮಾನ್ರ ಕಿವಿ ಹತ್ತಿರ ಹಿಡಿದೆ. ಅವರಿಗೆ ಕಿವಿ ಸ್ವಲ್ಪ ಮಂದ, ಆದರೂ ಕೇಳಿಸಿತು. ಬಿಸಿನೀರಲ್ಲಿ ಅದ್ದಿದಾಗ ಬೆಸುಗೆಯ ಗೆರೆಯ ಒಂದು ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಸೂಜಿಮೊನೆಯಷ್ಟು ತೂತು. ಅದರಿಂದ ಪೆಟ್ರೋಲ್ ಒಳಗೆ ಸೇರಿ ಫ್ಲೋಟ್ ಭಾರವಾಗಿ ಮುಳುಗಿದೆ. ಮುಳುಗಿದ ಫ್ಲೋಟು ಸೂಜಿ ಒತ್ತೋದಿಲ್ಲ, ಬಟ್ಟಲು ಉಕ್ಕುತ್ತೆ. ಬೆಸುಗೆ ಹಾಕಬಹುದು, ಆದರೆ ಸೀಸದ ಭಾರ ಸೇರಿ ಮಟ್ಟ ಮತ್ತೆ ಏರುಪೇರಾಗುತ್ತೆ. ಹೊಸ ಫ್ಲೋಟ್, ಹೊಸ ನೀಡಲ್, ಹೊಸ ಸೀಟು ತರಿಸಿದೆವು. ಆಯಿಲ್ ಪೂರ್ತಿ ಬದಲಾಯಿಸಿದೆವು. ಪೆಟ್ರೋಲ್ ಬೆರೆತ ಆಯಿಲಿನಲ್ಲಿ ಇನ್ನೊಂದು ಸುತ್ತು ಓಡಿಸಿದರೂ ಬೇರಿಂಗಿಗೆ ಕೇಡು.

ಮತ್ತೆ ಅದೇ ಪರೀಕ್ಷೆ. ಎರಡು ಸ್ಕ್ರೂ ಮೆಲ್ಲಗೆ ಒಳಗೆ. ಇಂಜಿನ್ ತಡವರಿಸಿತು, ಒಮ್ಮೆ ಕೆಮ್ಮಿತು, ನಿಂತಿತು. ಗಾಡಿ ನಿಂತುಹೋಗಿದ್ದಕ್ಕೆ ಇಬ್ಬರು ದೊಡ್ಡ ಮನುಷ್ಯರು ಚಪ್ಪಾಳೆ ತಟ್ಟಿದ್ದನ್ನು ಆ ರಸ್ತೆ ಹಿಂದೆಂದೂ ನೋಡಿರಲಿಲ್ಲ. ಸ್ಕ್ರೂಗಳನ್ನು ಒಂದೂವರೆ ಸುತ್ತು ಹೊರಗೆ ತಂದು, ವ್ಯಾಕ್ಯೂಮ್ ಗೇಜಿನ ಸೂಜಿ ನಡುಗದೆ ಮೇಲೆ ನಿಲ್ಲುವ ಜಾಗದಲ್ಲಿ ಬಿಟ್ಟೆವು. ಐವತ್ತು ಮೈಲಿ ಓಡಿಸಿ ಪ್ಲಗ್ ಬಿಚ್ಚಿದರೆ ಹಾಲು ಸ್ವಲ್ಪ ಮುಂದಾದ ಕಾಫಿಯ ಬಣ್ಣ.

ಈ ಕೆಲಸ ಮುಗಿದ ಮೇಲೆ ಆಫೀಸಿನಲ್ಲಿ ನಾನು ಬಗ್ ಹುಡುಕುವಾಗ ಕೇಳಿಕೊಳ್ಳುವ ಪ್ರಶ್ನೆ ಬದಲಾಗಿದೆ. ಮುಂಚೆ ಯಾವ ಭಾಗ ಕೆಲಸ ಮಾಡ್ತಿದೆಯೋ ಅಲ್ಲೇ ನೋಡ್ತಿದ್ದೆ. ಈಗ ಯಾವುದು ಏನೂ ಮಾಡ್ತಿಲ್ಲ ಅಂತ ಎಲ್ಲರೂ ನಂಬಿದ್ದಾರೋ ಅದನ್ನೂ ಒಮ್ಮೆ ತೆಗೆದು ಕುಲುಕಿಸ್ತೀನಿ. ಹಾಗೇ, ತಿರುಗಿಸೋಕೆ ಸುಲಭವಾಗಿ ಸಿಗುವ ಸ್ಕ್ರೂ ಕಂಡರೆ, ಮುಚ್ಚಿದಾಗ ಇಂಜಿನ್ ನಿಲ್ಲುತ್ತಾ ಅಂತ ಮೊದಲು ನೋಡ್ತೀನಿ. ನಿಲ್ಲದಿದ್ದರೆ ಆ ಸ್ಕ್ರೂ ಎಷ್ಟು ತಿರುಗಿಸಿದರೂ ತೃಪ್ತಿ ನಮಗೆ ಮಾತ್ರ, ಗಾಡಿಗಲ್ಲ. ಬ್ಯಾಟರಿ ತೆಗೆದಿಟ್ಟ ಅಲಾರ್ಮಿನ ವಿಷಯ ಬಿಡಿ, ನಮ್ಮ ಸರ್ವರ್‌ಗಳಲ್ಲಿ ಅಂಥವು ಎಷ್ಟಿವೆಯೋ ಎಣಿಸಿದರೆ ಮ್ಯಾನೇಜರಿಗೆ ನಿದ್ದೆ ಬರಲ್ಲ.

1995ರಲ್ಲಿ ಶುರುವಾದ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ಇಲ್ಲೊಂದು ಜಾತ್ರೆ ನಡೆಯುತ್ತೆ, ಆಗಸ್ಟಿನ ಮೂರನೇ ಶನಿವಾರ. ಹಳೇ ಕಾರುಗಳೆಲ್ಲ ವುಡ್‌ವರ್ಡ್ ಅವೆನ್ಯೂ ಮೇಲೆ ತೇರಿನ ಹಾಗೆ ಮೆಲ್ಲಗೆ ಸಾಗ್ತವೆ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ನಿಂತು ನಿಂತು ಹೋಗುವ ಇಂಥ ದಿನವೇ ರಿಚ್ ಗಾಡಿಯ ಬಣ್ಣ ಬಯಲಾಗೋದು. ಈ ಸಲ ಯಜಮಾನ್ರ ಪಕ್ಕದ ಸೀಟಲ್ಲಿ ಅವರ ಹೆಂಡತಿ ಕೂತಿದ್ದರು, ಕಿಟಕಿ ಇಳಿಸಿಕೊಂಡು, ಮೂರೂವರೆ ಗಂಟೆ. ತಲೆನೋವಿನ ಮಾತು ಬರಲಿಲ್ಲ. ಕಾರು ಮಾರುವ ಮಾತೂ ಬರಲಿಲ್ಲ.

ಚಿಕ್ಕಪ್ಪನಿಗೆ ವಿಡಿಯೋ ಕಳಿಸಿದೆ. ಮೂರು ಕಾರ್ಬುರೇಟರು ಒಟ್ಟಿಗೆ ಬಾಯಿ ತೆರೆದಾಗ ಬರುವ ಸದ್ದನ್ನು ಅವರು ಎರಡು ಸಲ ಕೇಳಿದರಂತೆ. ಆಮೇಲೆ ಫೋನ್ ಮಾಡಿ ಮೊದಲು ಕೇಳಿದ್ದು, ‘ಲೀಟರ್‌ಗೆ ಎಷ್ಟು ಕೊಡುತ್ತೋ?’

‘ಮುಂಚೆ ಮೂರು ಕಿಲೋಮೀಟರ್ ಕೊಡ್ತಿತ್ತು ಚಿಕ್ಕಪ್ಪ. ಈಗ ನಾಲ್ಕು ದಾಟಿದೆ’ ಅಂದೆ, ಹೆಮ್ಮೆಯಿಂದ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಲೋ, ಇನ್ನೂ ಎಲ್ಲೋ ಸೋರ್ತೈತೆ ಕಣೋ’ ಅಂದರು.